ಹಲ್ಲಿನ ವಿಮೆ: ನಾನು ಪಿಪಿಒ ಆರಿಸಿದ್ದು
ಅಮೆರಿಕದಲ್ಲಿ ನೌಕರಿಯಲ್ಲಿರುವ ನಮ್ಮ ಮನೆಯಲ್ಲಿ ಪ್ರತಿ ನವೆಂಬರ್‌ನಲ್ಲೂ, ಮುಂದಿನ ವರ್ಷದ ಯೋಜನೆ ಆರಿಸುವ ಹೊತ್ತಿಗೆ, ಹಲ್ಲಿನ ವಿಮೆಯ ಚರ್ಚೆ ನಡೆಯುತ್ತದೆ: ಡಿಎಚ್‌ಎಂಒ, ಪಿಪಿಒ ಎಂಬ ಎರಡು ಬಗೆಯ ಯೋಜನೆಗಳಲ್ಲಿ ಯಾವುದು ಎಂದು. ಡಿಎಚ್‌ಎಂಒ ಯೋಜನೆಯಲ್ಲಿ ಕಂತು ಕಡಿಮೆ, ವಿಮೆಯವರು ವರ್ಷಕ್ಕೆ ಇಷ್ಟೇ ಕೊಡುವುದೆಂಬ ವಾರ್ಷಿಕ ಮಿತಿಯೂ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಅವರ ಪಟ್ಟಿಯ ದಂತವೈದ್ಯರಲ್ಲೇ ಒಬ್ಬರನ್ನು ಗೊತ್ತುಮಾಡಿಕೊಳ್ಳಬೇಕು. ಪಿಪಿಒದಲ್ಲಿ ವೈದ್ಯರ ಆಯ್ಕೆ ನಮ್ಮದೇ. ಶುಚಿಗೊಳಿಸುವುದಕ್ಕೆ ಶೇ 100, ಹುಳುಕು ತುಂಬಿಸುವುದಕ್ಕೆ ಶೇ 80, ಕ್ರೌನ್‌ಗೆ (ಹಲ್ಲಿನ ಮೇಲೆ ಕೂರಿಸುವ ಕವಚಕ್ಕೆ) ಶೇ 50ರಷ್ಟನ್ನು ವಿಮೆಯವರು ಭರಿಸುವುದು ರೂಢಿಯಾದರೂ, ವರ್ಷಕ್ಕೆ 1,500 ಡಾಲರ್‌ನಂತಹ ಮಿತಿ ದಾಟಿದ ಮೇಲಿನದ್ದೆಲ್ಲ ನಮ್ಮ ಕಿಸೆಯಿಂದಲೇ ಹೋಗುತ್ತದೆ. (ಇದಕ್ಕೆ ವಿಮೆ ಎನ್ನುವುದಕ್ಕಿಂತ ರಿಯಾಯಿತಿ ಚೀಟಿ ಎನ್ನುವುದೇ ಸರಿ.) ನನ್ನ ಎಡದವಡೆಯ ಹಲ್ಲು ಕೆಟ್ಟಾಗ, ವೈದ್ಯರನ್ನು ಕೇಳಿಕೊಂಡೇ, ರೂಟ್ ಕೆನಾಲನ್ನು ಡಿಸೆಂಬರ್ ಕೊನೆಗೂ ಕ್ರೌನನ್ನು ಜನವರಿ ಮೊದಲ ವಾರಕ್ಕೂ ಹಂಚಿಕೊಂಡು, ಎರಡು ವರ್ಷಗಳ ಮಿತಿಯನ್ನು ಒಂದೇ ಹಲ್ಲಿಗೆ ಬಳಸಿಕೊಂಡೆ. ಈ ಸಲವೂ ಪಿಪಿಒವನ್ನೇ ಮುಂದುವರಿಸಿದ್ದೇನೆ.