ದಾಕ್ಷಿಣ್ಯದ 89 ಅಂಕ

ಮುಂಬೈನ ಮಾಟುಂಗಾದ ಆ ಹೋಟೆಲಿಗೆ ಈಗಲೂ ಇಡ್ಲಿ ತಿನ್ನಲು ಹೋಗುತ್ತೇನೆ, ಆದರೆ ಗಲ್ಲಾದ ಕಡೆ ನೋಡುವುದಿಲ್ಲ. ಅದರ ಕೆಳಗಿನ ಕಪಾಟಿನಲ್ಲಿ ನಮ್ಮ ಕಂಪನಿಯ ಆರು ಟ್ಯಾಬ್ಲೆಟ್‌ಗಳು ಹಳೆಯ ಲೆಕ್ಕದ ಪುಸ್ತಕಗಳ ಜೊತೆ ಮಲಗಿವೆ.

ಅವುಗಳಲ್ಲಿರುವುದು ಸಪ್ಲೈಯರ್‌ಗಳು ಆರ್ಡರ್ ತೆಗೆದುಕೊಳ್ಳುವ ಆ್ಯಪ್. ಅದು ಬಳಸಲು ಸುಲಭವೇ ಎಂದು ಅವರ ಕೈಯಲ್ಲೇ ಪರೀಕ್ಷಿಸುವುದು ನನ್ನ ಕೆಲಸ. ಹೋಟೆಲಿನವರು ಹೆಚ್ಚಾಗಿ ಕುಂದಾಪುರದ ಕಡೆಯವರು, ನನ್ನ ಊರೂ ಅಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಮನಸ್ಸು ಬಿಚ್ಚಿ ಹೇಳುತ್ತಾರೆ ಎಂದು ಮೀಟಿಂಗಿನಲ್ಲಿ ಜಂಬ ಕೊಚ್ಚಿದ್ದೆ. ಮ್ಯಾನೇಜರ್ ಕೊಟ್ಟದ್ದು ಅರ್ಧ ದಿನ. ಇಂಥ ಪರೀಕ್ಷೆಗೆ ಐದು ಜನ ಸಾಕು ಎಂದು ನಮ್ಮ ಕಸುಬಿನ ಹೆಸರಾಂತ ತಜ್ಞ ಯಾಕೊಬ್ ನೀಲ್ಸನ್ ಹೇಳಿದ್ದು ಎಲ್ಲ ಮ್ಯಾನೇಜರ್‌ಗಳಿಗೂ ಬಾಯಿಪಾಠ. ತಿದ್ದಿ ತಿದ್ದಿ ಮತ್ತೆ ಐದೈದು ಜನರ ಬಳಿ ಹೋಗಬೇಕು ಎಂದು ಅದೇ ಮನುಷ್ಯ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ.

ಮಧ್ಯಾಹ್ನ ಮೂರೂವರೆಗೆ, ಊಟದ ಗದ್ದಲ ಇಳಿದ ಮೇಲೆ, ಒಬ್ಬೊಬ್ಬರನ್ನೇ ಫ್ಯಾನಿನ ಕೆಳಗೆ ಕೂರಿಸಿ ಆರ್ಡರ್ ಹಾಕಿಸಿದೆ. ಕೊನೆಗೆ ಎಸ್‌ಯುಎಸ್, ಅಂದರೆ ಬಳಸಲು ಎಷ್ಟು ಸುಲಭ ಎಂದು ಅಳೆಯುವ ಪ್ರಶ್ನಾವಳಿ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್). 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ ಆ ಹತ್ತು ವಾಕ್ಯಗಳಲ್ಲಿ ಒಂದು ಹೊಗಳಿದರೆ ಮುಂದಿನದು ತೆಗಳುತ್ತದೆ. ಪೂರ್ತಿ ಒಪ್ಪಿದರೆ 5, ಒಪ್ಪದೇ ಇದ್ದರೆ 1; ತೆಗಳುವ ವಾಕ್ಯಕ್ಕೆ 1 ಕೊಟ್ಟರೇ ಆ್ಯಪ್‌ಗೆ ಪೂರ್ತಿ ಅಂಕ. ಎಲ್ಲದಕ್ಕೂ ತಲೆಯಾಡಿಸಿ 5 ಕೊಟ್ಟವರ ಲೆಕ್ಕ ನೂರಕ್ಕೆ ಸರಿಯಾಗಿ 50ಕ್ಕೆ ಬಂದು ನಿಲ್ಲುತ್ತದೆ.

ಮೊದಲು ಕುಳಿತವರು ಹಿರಿಯ ಸಪ್ಲೈಯರ್. ಬಳಸಲು ಸುಲಭವೇ? "ಹೌದು." ಸುಮ್ಮನೆ ಗೋಜಲಾಗಿದೆಯೇ? "ಹೌದು ಹೌದು, ಪೂರ್ತಿ ಹೌದು." ಗಲ್ಲಾದಲ್ಲಿ ಧಣಿಗಳು ಕೆಮ್ಮಿದರು. ನನ್ನ ಪೆನ್ನು ಹಾಳೆಯ ಮೇಲೆ ನಿಂತಿತು. ನನ್ನ ಅನುವಾದ ತೊಡಕಾಗಿದೆ, ಪಾಪ, ಅವರಿಗೆ ಅರ್ಥವಾಗಲಿಲ್ಲ ಎಂದುಕೊಂಡೆ.

"ಅಣ್ಣಾ, ಕಷ್ಟವಲ್ಲ ತಾನೇ?"

"ಅಲ್ಲ, ಅಲ್ಲ."

5 ಹೊಡೆದುಹಾಕಿ 1 ಬರೆದೆ. ಮುಂದಿನ ಮೂವರೂ ಎಲ್ಲದಕ್ಕೂ ಹೌದೆಂದರು. ಅವರನ್ನು ಮತ್ತೆ ಕೇಳುವ ಗೋಜಿಗೂ ಹೋಗದೆ ತೆಗಳುವ ವಾಕ್ಯಗಳ 5 ಎಲ್ಲ ಹೊಡೆದುಹಾಕಿ ನಾನೇ 1 ತುಂಬಿದೆ. ನಾಲ್ವರಿಗೂ ನೂರಕ್ಕೆ ನೂರು. ಐದನೆಯವನು ಬಿಹಾರದ ಹುಡುಗ. ಹಿಂದಿ ಪ್ರತಿಯ ಮೇಲೆ ಬೆರಳಿಟ್ಟು ತಾನೇ ಓದಿ 45 ಕೊಟ್ಟ. "ಹೊಸಬ, ಇನ್ನೂ ಪಳಗಿಲ್ಲ" ಎಂದು ಟಿಪ್ಪಣಿ ಹಾಕಿದೆ. ಸರಾಸರಿ 89. 68 ಬಂದರೆ ಸಾಧಾರಣ ಎನ್ನುವ ನಮ್ಮ ಕಸುಬಿನಲ್ಲಿ ಇದು ಹಬ್ಬ. ಡೆಮೊದಲ್ಲಿ ಚಪ್ಪಾಳೆಯೂ ಬಿತ್ತು.

ಮೂರು ವಾರ ಕಳೆದು, ಒಂದು ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಹೋದೆ. ಬಾಗಿಲಾಚೆಗೂ ಸಾಲು. ಅದೇ ಹಿರಿಯರು ಮೇಜು ಒರೆಸಿದ ಒದ್ದೆ ಕೈಯಲ್ಲಿ ಟ್ಯಾಬ್ಲೆಟ್ ತಟ್ಟುತ್ತಿದ್ದರು. ತಟ್ಟಿದರು, ಅಂಗಿಗೆ ಬೆರಳು ಒರೆಸಿದರು, ಮತ್ತೆ ತಟ್ಟಿದರು. ಬೆರಳು ತಾಗಿದಾಗ ವಿದ್ಯುತ್ ಕ್ಷೇತ್ರದಲ್ಲಾಗುವ ಬದಲಾವಣೆಯನ್ನು ಗುರುತಿಸುವ ಪರದೆ ಅದು. ನೀರಿನ ಹನಿಗೂ ಬೆರಳಿಗೂ ವ್ಯತ್ಯಾಸ ತಿಳಿಯದೆ ಕಂಗೆಡುತ್ತದೆ. ಒಂದು ರವಾ ಇಡ್ಲಿ ನಾಲ್ಕಾಯಿತು. ಪಕ್ಕದ ಮೇಜಿನ ಗಿರಾಕಿ ಮರಾಠಿಯಲ್ಲಿ ರೇಗತೊಡಗಿದ. ಹಿರಿಯರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ನೀರಿನ ಲೋಟ ನೋಡಿದೆ. ಎಷ್ಟು ಹೊತ್ತೋ! ಕೊನೆಗೆ ಅವರು ಟ್ಯಾಬ್ಲೆಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಕೇಳುವಂತೆ ಕೂಗಿದರು: "ಒಂದು ರವಾ, ಎರಡು ಮಸಾಲೆ, ಒಂದಕ್ಕೆ ಈರುಳ್ಳಿ ಬೇಡ!"

ಕೈ ತೊಳೆಯುವ ನೆಪದಲ್ಲಿ ಹತ್ತಿರ ಹೋಗಿ, ಅಂದೇ ಹೇಳಬಹುದಿತ್ತಲ್ಲ ಎಂದೆ.

"ಧಣಿಗಳು ದುಡ್ಡು ಕೊಟ್ಟು ತರಿಸಿದ್ದು. ನೀನು ಬೇರೆ ನಮ್ಮ ಊರಿನವಳು. ಚೆನ್ನಾಗಿಲ್ಲ ಎಂದರೆ ನಿನ್ನ ಕೆಲಸಕ್ಕೆ ಕುತ್ತಲ್ಲವೇ ತಂಗಿ?"

ನಾನು ಮನೋವಿಜ್ಞಾನದಲ್ಲಿ ಎಂ.ಎ. ಮಾಡಿದವಳು. ದಾಕ್ಷಿಣ್ಯಕ್ಕೆ ಹೌದೆನ್ನುವವರ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ.

ಮರುದಿನ ಹೊಡೆದುಹಾಕಿದ ಅಂಕಗಳನ್ನೇ ಕೂಡಿಸಿದೆ: ಸರಾಸರಿ 49. ಅದರಲ್ಲೂ ನಾಲ್ವರ 50ಕ್ಕೆ ಅರ್ಥವಿಲ್ಲ, ಅದು ನನ್ನ ಮೇಲಿನ ಪ್ರೀತಿ. ಅರ್ಥವಿದ್ದದ್ದು ಆ ಹುಡುಗನ 45ಕ್ಕೆ ಮಾತ್ರ. ಇಷ್ಟನ್ನೂ ಬರೆದು, ಊಟದ ಹೊತ್ತಿನಲ್ಲಿ ಒದ್ದೆ ಕೈಯಲ್ಲೇ ಮತ್ತೆ ಪರೀಕ್ಷಿಸಲು ನಾಲ್ಕು ದಿನ ಕೇಳಿದೆ. ಮ್ಯಾನೇಜರ್ ದಿನಗಳ ಮಾತೆತ್ತಲಿಲ್ಲ. 49 ನೋಡಲು ಚೆನ್ನಾಗಿಲ್ಲ, 50 ಎಂದು ಹಾಕಲು ಬರುವುದಿಲ್ಲವೇ ಎಂದು ಕೇಳಿದರು.