ವಿಕಾಸವನ್ನು ಕಣ್ಣಾರೆ ಕಂಡವರು ಯಾರು?

ಜೀವಶಾಸ್ತ್ರದ ಬಗ್ಗೆ ಬರೆಯುವವನೆಂದು ಗೊತ್ತಾದರೆ ಸಾಕು, ಪರಿಚಯವಾದ ಹತ್ತು ನಿಮಿಷದೊಳಗೆ ಈ ಪ್ರಶ್ನೆ ಬರುತ್ತದೆ: "ಜೀವವಿಕಾಸ, ಜೀವವಿಕಾಸ ಎನ್ನುತ್ತೀರಲ್ಲ, ಅದನ್ನು ಕಣ್ಣಾರೆ ಕಂಡವರು ಯಾರು ಸ್ವಾಮಿ?" ಕೆಲವರು ಕುಹಕದಿಂದ ಕೇಳುತ್ತಾರೆ, ಹೆಚ್ಚಿನವರು ನಿಜವಾದ ಕುತೂಹಲದಿಂದ. ಪ್ರಶ್ನೆಯೇನೋ ನ್ಯಾಯವಾದದ್ದೇ. (ಇದರ ಬೆನ್ನಿಗೇ ಬರುವ "ಮಂಗನಿಂದ ಮಾನವನಾದರೆ ಮಂಗಗಳು ಇನ್ನೂ ಏಕಿವೆ?" ಎಂಬುದಕ್ಕೆ ಹೆಚ್ಚು ಮಾತು ಬೇಡ. ಇಂದಿನ ಮಂಗ ನಮಗೆ ಅಜ್ಜನಲ್ಲ, ದಾಯಾದಿ. ನಾನು ಹುಟ್ಟಿದೆನೆಂದು ದಾಯಾದಿಗಳ ಮನೆತನ ಅಳಿಯಬೇಕಿಲ್ಲ.)

ಕಂಡವರಿದ್ದಾರೆ. ಅಮೆರಿಕದ ವಿಜ್ಞಾನಿ ರಿಚರ್ಡ್ ಲೆನ್ಸ್ಕಿ 1988ರಲ್ಲಿ ಒಂದೇ ತಳಿಯ ಇ. ಕೋಲಿ ಬ್ಯಾಕ್ಟೀರಿಯಾವನ್ನು 12 ಗಾಜಿನ ಕುಪ್ಪಿಗಳಲ್ಲಿ ಬೇರೆ ಬೇರೆಯಾಗಿ ಬೆಳೆಸತೊಡಗಿದರು. ದಿನಕ್ಕೆ ಆರೇಳು ತಲೆಮಾರು. ಪ್ರತಿ 500 ತಲೆಮಾರಿಗೊಮ್ಮೆ ಒಂದಿಷ್ಟನ್ನು ಹೆಪ್ಪುಗಟ್ಟಿಸಿ, ಬೇಕೆಂದಾಗ ಮತ್ತೆ ಬೆಳೆಸುವಂತೆ ಎತ್ತಿಟ್ಟರು. ಕುಪ್ಪಿಯಲ್ಲಿ ಗ್ಲೂಕೋಸ್ ಜೊತೆಗೆ ಸಿಟ್ರೇಟ್ (ನಿಂಬೆಹುಳಿಯ ಲವಣ) ಕೂಡ ಇತ್ತು. ಆದರೆ ಆಮ್ಲಜನಕ ಇರುವಾಗ ಅದನ್ನು ಆಹಾರ ಮಾಡಿಕೊಳ್ಳುವುದು ಇ. ಕೋಲಿಗೆ ಆಗುವುದಿಲ್ಲ. ಸುಮಾರು 31,000 ತಲೆಮಾರುಗಳಾದ ಮೇಲೆ ಒಂದು ಕುಪ್ಪಿ ಮಾತ್ರ ಎಂದಿಗಿಂತ ಹೆಚ್ಚು ಮಬ್ಬಾಯಿತು. ಅಲ್ಲಿನ ಬ್ಯಾಕ್ಟೀರಿಯಾಗಳು ಸಿಟ್ರೇಟ್ ತಿಂದು ಹಲವು ಪಟ್ಟು ಹೆಚ್ಚಿದ್ದವು. ನನಗೆ ಇನ್ನೂ ರುಚಿಸುವುದು ಅನಂತರ ನಡೆದ ಕೆಲಸ. ಹೆಪ್ಪುಗಟ್ಟಿದ್ದ ಪೂರ್ವಜರನ್ನು ಕರಗಿಸಿ, ಚರಿತ್ರೆಯನ್ನು ಮತ್ತೆ ನಡೆಸಿ ನೋಡಿದರು. ಆ ಕುಪ್ಪಿಯ ಸುಮಾರು 20,000ನೇ ತಲೆಮಾರಿನಿಂದ ಈಚಿನವುಗಳಲ್ಲಿ ಮಾತ್ರ ಸಾಮರ್ಥ್ಯ ಮರುಕಳಿಸಿತು. ನಡುವೆ ಎಲ್ಲೋ, ಯಾರ ಗಮನಕ್ಕೂ ಬಾರದೆ, ಒಂದು ಬದಲಾವಣೆ ದಾರಿ ಹದಮಾಡಿಟ್ಟಿತ್ತು.

"ಆದರೂ ಅದು ಬ್ಯಾಕ್ಟೀರಿಯಾವೇ ಅಲ್ಲವೆ?" ಹೌದು, ಬ್ಯಾಕ್ಟೀರಿಯಾವೇ. ಮೀನಿನ ಕುಲ ನೆಲ ಹತ್ತುವುದನ್ನು ಕೂತು ನೋಡಲು ಯಾರ ಆಯುಸ್ಸೂ ಸಾಲದು. ಅಲ್ಲಿ ಕಲ್ಲನ್ನೇ ಕೇಳಬೇಕು. ಪಳೆಯುಳಿಕೆ ವಿಜ್ಞಾನಿ ನೀಲ್ ಶೂಬಿನ್ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಜೀವಿ ಸಿಗಬೇಕಾದರೆ ಬಂಡೆಯ ವಯಸ್ಸು ಎಷ್ಟಿರಬೇಕು, ಅದು ಎಂಥ ನೀರಿನ ಕೆಸರಿನಿಂದ ಆದದ್ದಾಗಿರಬೇಕು ಎಂದು ಮೊದಲೇ ಲೆಕ್ಕ ಹಾಕಿಕೊಂಡು, ಉತ್ತರ ಧ್ರುವದ ಸಮೀಪದ, ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆ ಅಗೆದರು. 2004ರಲ್ಲಿ ಸುಮಾರು 37.5 ಕೋಟಿ ವರ್ಷ ಹಳೆಯ, ಟಿಕ್ಟಾಲಿಕ್ ಎಂದು ಹೆಸರಿಟ್ಟ ಜೀವಿಯ ಪಳೆಯುಳಿಕೆ ಸಿಕ್ಕಿತು. ಮೈಮೇಲೆ ಹುರುಪೆ, ಈಜುರೆಕ್ಕೆ. ಆದರೆ ತಲೆ ತಿರುಗಿಸಲು ಕುತ್ತಿಗೆ, ರೆಕ್ಕೆಯೊಳಗೆ ಮಣಿಕಟ್ಟನ್ನು ಹೋಲುವ ಮೂಳೆಗಳು. ಆಮೇಲೆ ಪೋಲೆಂಡಿನಲ್ಲಿ ಇದಕ್ಕಿಂತ ಹಳೆಯ, ನಾಲ್ಕು ಕಾಲಿನ ಪ್ರಾಣಿಗಳ ಹೆಜ್ಜೆಗುರುತುಗಳು ಸಿಕ್ಕಿರುವ ವರದಿ 2010ರಲ್ಲಿ ಬಂತು. ಹಾಗಾಗಿ ಟಿಕ್ಟಾಲಿಕ್ ಕೂಡ ನಮ್ಮ ಮುತ್ತಜ್ಜನಾಗಿರದೆ ಮುತ್ತಜ್ಜನ ದಾಯಾದಿಯಾಗಿರಬೇಕು. ಇದನ್ನು ಮುಚ್ಚಿಟ್ಟು ಕಥೆ ಹೇಳುವುದು ನನಗೆ ಇಷ್ಟವಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಪುರಾವೆ ಸಿಗುವುದು ತಪ್ಪುಗಳಲ್ಲಿ. ಹಳೆಯ ಹಸ್ತಪ್ರತಿಗಳನ್ನು ಸಂಪಾದಿಸುವವರು ಈ ಗುಟ್ಟು ಬಲ್ಲರು. ಎರಡು ಪ್ರತಿಗಳಲ್ಲೂ ಶುದ್ಧ ಪಾಠವೇ ಇದ್ದರೆ ಅವುಗಳ ನಂಟು ಏನೆಂದು ಹೇಳಲಾಗದು. ಎರಡರಲ್ಲೂ ಅದೇ ಪದ್ಯದ ಅದೇ ಪಾದದಲ್ಲಿ ಅದೇ ಅಕ್ಷರ ಬಿಟ್ಟುಹೋಗಿದ್ದರೆ, ಇವೆರಡರ ಮೂಲಪ್ರತಿ ಒಂದೇ, ಕೈತಪ್ಪಿದ ಲಿಪಿಕಾರನೂ ಒಬ್ಬನೇ ಎಂದು ಊಹಿಸುತ್ತಾರೆ.

ಜೀವಿಗಳಲ್ಲೂ ಇಂಥ ತಪ್ಪುಗಳಿವೆ. ಬಹುಪಾಲು ಸಸ್ತನಿಗಳು ತಮಗೆ ಬೇಕಾದ ಸಿ ಜೀವಸತ್ವವನ್ನು ಯಕೃತ್ತಿನಲ್ಲಿ ತಾವೇ ತಯಾರಿಸಿಕೊಳ್ಳುತ್ತವೆ. ನಾಯಿಗೆ ಕಿತ್ತಳೆ ತಿನ್ನಿಸಬೇಕಿಲ್ಲ. ನಮಗಾದರೋ ಅದು ಆಹಾರದಿಂದಲೇ ಬರಬೇಕು, ಬಾರದಿದ್ದರೆ ಒಸಡು ಊದಿ ರಕ್ತ ಜಿನುಗುವ ಸ್ಕರ್ವಿ. ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಕಿಣ್ವದ ವಂಶವಾಹಿ ನಮ್ಮಲ್ಲಿ ಇಲ್ಲವೇ ಇಲ್ಲ ಎಂದಲ್ಲ. ವಂಶವಾಹಿಗಳನ್ನು ಹೊತ್ತ ಎಳೆಗಳಾದ ಕ್ರೋಮೋಸೋಮುಗಳಲ್ಲಿ ಎಂಟನೆಯದರಲ್ಲಿ ಮುರಿದ ರಾಟೆಯಂತೆ ಬಿದ್ದಿದೆ. ಚಿಂಪಾಂಜಿಯಲ್ಲೂ ಕೋತಿಗಳಲ್ಲೂ ಅದು ಕೆಟ್ಟಿದೆ, ಕೆಟ್ಟಿರುವ ಬಗೆಯೂ ನಮ್ಮದನ್ನೇ ಹೋಲುತ್ತದೆ. ಗಿನಿಪಿಗ್‌ಗಳಲ್ಲೂ ಕೆಟ್ಟಿದೆ, ಆದರೆ ಅಲ್ಲಿ ಮುರಿತ ಬೇರೆ ರೀತಿಯದು. ನಮಗೂ ಗಿನಿಪಿಗ್‌ಗೂ ನಂಟು ಬಹಳ ದೂರದ್ದು; ಅದರ ರಾಟೆ ಅದರ ಮನೆಯಲ್ಲೇ ಬೇರೆಯಾಗಿ ಮುರಿದದ್ದು.

ಇನ್ನೊಂದನ್ನು ಹೇಳದೆ ಮುಗಿಸಲಾರೆ. ಮನುಷ್ಯರಲ್ಲಿ ಕ್ರೋಮೋಸೋಮುಗಳು 46, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ 48. ಪೂರ್ವಜರು ಒಂದೇ ಆಗಿದ್ದರೆ ನಮ್ಮ ಒಂದು ಜೋಡಿ ಎಲ್ಲಿಗೆ ಹೋಯಿತು? ಅಷ್ಟೊಂದು ವಂಶವಾಹಿಗಳನ್ನು ಕಳೆದುಕೊಂಡು ಯಾರೂ ಬದುಕಲಾರರು. ಹಾಗಾದರೆ ಎರಡು ಬೆಸೆದು ಒಂದಾಗಿರಬೇಕು, ಬೆಸುಗೆಯ ಗುರುತೂ ಇರಬೇಕು. ಪ್ರತಿ ಕ್ರೋಮೋಸೋಮಿನ ತುದಿಯಲ್ಲಿ, ಬಟ್ಟೆಯ ಅಂಚು ಬಿಚ್ಚದಂತೆ ಹಾಕಿದ ಹೊಲಿಗೆಯ ಹಾಗೆ, 'ಟಿಟಿಎಜಿಜಿಜಿ' ಎಂಬ ಡಿಎನ್ಎಯ ಆರು ಅಕ್ಷರ ಮತ್ತೆ ಮತ್ತೆ ಬರುತ್ತದೆ. ತುದಿಯ ಈ ಹೊಲಿಗೆ ನಮ್ಮ ಎರಡನೆಯ ಕ್ರೋಮೋಸೋಮಿನ ಒಳಗೆ, ಎರಡೂ ತುದಿಗಳಿಂದ ದೂರದಲ್ಲಿ ಇರುವುದನ್ನು 1991ರಲ್ಲಿ ತೋರಿಸಲಾಯಿತು. ಒಂದು ಕಡೆಯಿಂದ ಸಾಗಿ ಬಂದ ಅಕ್ಷರಗಳು ಒಂದು ಜಾಗದಲ್ಲಿ ತಟ್ಟನೆ ತಿರುಗುಮುರುಗಾಗುತ್ತವೆ, ಎರಡು ತುದಿಗಳನ್ನು ಎದುರುಬದುರು ಇಟ್ಟು ಅಂಟಿಸಿದರೆ ಆಗುವಂತೆ. ಕೋಶ ಇಬ್ಭಾಗವಾಗುವಾಗ ಹಿಡಿದೆಳೆಯಲು ಪ್ರತಿ ಕ್ರೋಮೋಸೋಮಿಗೂ ಸೆಂಟ್ರೊಮಿಯರ್ ಎಂಬ ಒಂದು ಹಿಡಿ ಇರುತ್ತದೆ. ನಮ್ಮ ಈ ಎರಡನೆಯದರಲ್ಲಿ ಕೆಲಸ ಮಾಡುವ ಹಿಡಿ ಒಂದಿದೆ. ಚಿಂಪಾಂಜಿಯಲ್ಲಿ ಬೆಸೆಯದೆ ಉಳಿದಿರುವ ಆ ಎರಡು ಕ್ರೋಮೋಸೋಮುಗಳೊಡನೆ ಸಾಲುಸಾಲಾಗಿ ಹೋಲಿಸುತ್ತ ಹೋದರೆ, ಇನ್ನೊಂದು ಇರಬೇಕಾದ ಜಾಗದಲ್ಲೇ ಅದರ ಸವೆದ ಮೋಟು ಸಿಗುತ್ತದೆ.