ಜಗಳಗಂಟ ಹುಂಜಗಳಿಗೆ ಬೇರೆ ಬೇರೆ ಮನೆ

ಬ್ಯಾಂಟಂ ಅಂದರೆ ಗಿಡ್ಡ ಜಾತಿಯ ಕೋಳಿ; ಅದರ ಹುಂಜ ಒಂದು ಕೆ.ಜಿ. ತೂಗುವುದೂ ಕಷ್ಟ. ಆದರೆ ಅದು ಗರಿ ಕೆದರಿ ನಿಂತರೆ ದೊಡ್ಡ ನಾಟಿ ಹುಂಜವೂ ಕಾಫಿ ಗಿಡದ ಅಡಿಗೆ ನುಗ್ಗುತ್ತದೆ. ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಇಂಥವು ಮೂರಿವೆ. ಒಂದೇ ಹೇಂಟೆ ಕಾವು ಕೂತು ತೆಗೆದ ಮರಿಗಳು. ಐದಾರು ತಿಂಗಳು ಒಂದೇ ಮಂಕರಿಯಡಿ ಮಲಗಿ ಬೆಳೆದವು. ಜುಟ್ಟು ಕೆಂಪೇರಿ ಕೂಗಲು ಕಲಿತ ಮೇಲೆ ಅಣ್ಣ ತಮ್ಮ ಎಲ್ಲ ಮುಗಿಯಿತು.

ಯಾರು ಮೇಲೆ, ಯಾರು ಕೆಳಗೆ ಅಂತ ಒಮ್ಮೆ ತೀರ್ಮಾನವಾದರೆ ಕೋಳಿಗಳು ಸಾಮಾನ್ಯವಾಗಿ ತಣ್ಣಗಾಗುತ್ತವೆ. ನಮ್ಮವು ಆಗಲಿಲ್ಲ. ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಕಾಫಿ ಕಣದ ತುಂಬ ರಕ್ತದ ಹನಿ. ಮೂರರಲ್ಲೊಬ್ಬ, ಕರಿಯನ ಜುಟ್ಟು ಹರಿದಿತ್ತು. ಜುಟ್ಟಿನಲ್ಲಿ ರಕ್ತನಾಳ ಜಾಸ್ತಿ, ಸಣ್ಣ ಗಾಯಕ್ಕೂ ಮುಖವೆಲ್ಲ ಕೆಂಪಾಗುತ್ತದೆ. ಅದನ್ನು ಕಂಡರೆ ಉಳಿದ ಕೋಳಿಗಳೂ ಬಂದು ಅಲ್ಲೇ ಕುಕ್ಕುತ್ತವೆ. ತೊಳೆದು, ಅರಿಸಿನ ಮೆತ್ತಿ, ಅವನನ್ನು ಮಂಕರಿಯಡಿ ಮುಚ್ಚಿಟ್ಟೆ.

"ಎರಡನ್ನ ಸಾರು ಮಾಡಿ, ಜಗಳ ತಾನೇ ನಿಲ್ಲುತ್ತೆ" ಅಂದರು ತೋಟಕ್ಕೆ ಬಂದವರೆಲ್ಲ. ಲೆಕ್ಕಕ್ಕೆ ಸರಿಯೇ. ನಮ್ಮಲ್ಲಿರುವ ಹೇಂಟೆಗಳಿಗೆ ಒಂದು ಹುಂಜ ಧಾರಾಳ. ಆದರೆ ಮಕ್ಕಳು ಹೆಸರಿಟ್ಟು ಕರೆಯುವ ಕೋಳಿಗೆ ಕತ್ತಿ ಹಿಡಿಯಲು ಆಗಲ್ಲ, ಅಲ್ವಾ? ಅಲ್ಲದೆ ಅದರಲ್ಲಿ ಮಾಂಸವಾದರೂ ಎಲ್ಲಿದೆ!

ಹಾಗಾಗಿ ಮೂರಕ್ಕೂ ಬೇರೆ ಬೇರೆ ಗೂಡು ಕಟ್ಟಲು ಹೊರಟೆವು. ಆಗಷ್ಟೇ ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮುಗಿದಿತ್ತು. ಸಿಲ್ವರ್ ಓಕಿನ ಗಳಗಳು ತೋಟದಲ್ಲೇ ಬಿದ್ದಿದ್ದವು. ಮಣ್ಣಲ್ಲಿ ಹೂತರೆ ಈ ಮರ ಬೇಗ ಲಡ್ಡಾಗಿ ಕೊಳೆಯುತ್ತದೆ. ಅದಕ್ಕೇ ಗೂಡಿನ ಕಾಲುಗಳನ್ನು ಚಪ್ಪಡಿ ಕಲ್ಲಿನ ಮೇಲೆ ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿ ಮೇಲಕ್ಕೆ ಅಡಿಕೆ ಮರ ಸೀಳಿದ ದಬ್ಬೆಯ ತಳ ಹೊಡೆದೆವು. ಸಾಲಾಗಿ ಮೂರು ಕೋಣೆ. ಒಂದೊಂದೂ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ. ಮೇಲೆ ಹಳೇ ಕೊಟ್ಟಿಗೆಯ ಮಂಗಳೂರು ಹೆಂಚು. ಪಡುವಣ ಕಡೆ ಮಾಡನ್ನು ಉದ್ದಕ್ಕೆ ಇಳಿಸಿದೆವು. ಜೂನ್ ಬಂದರೆ ನಮ್ಮಲ್ಲಿ ಮಳೆ ಮೇಲಿನಿಂದ ಬೀಳುವುದಕ್ಕಿಂತ ಪಕ್ಕದಿಂದ ಹೊಡೆಯುವುದೇ ಹೆಚ್ಚು.

ಕೋಣೆಗಳ ನಡುವೆಯೂ ಬರೀ ಜಾಲರಿ ಸಾಕು ಅಂತ ಬಡಗಿಯ ವಾದ. ನಾನು ಒಪ್ಪಲಿಲ್ಲ. ಹುಂಜಗಳ ಜಗಳ ಶುರುವಾಗುವುದೇ ಕಣ್ಣಿನಿಂದ. ಎದುರಾಳಿ ಕಾಣುತ್ತಿದ್ದರೆ ಅವು ಜಾಲರಿಗೇ ಹಾರಿ ಹಾರಿ ಒದ್ದು ಜುಟ್ಟು, ಬೆರಳು ಎಲ್ಲ ಗಾಯ ಮಾಡಿಕೊಳ್ಳುತ್ತವೆ. ಕೊನೆಗೆ ನಡುವೆ ಎರಡೂವರೆ ಅಡಿ ಎತ್ತರದವರೆಗೆ ಹಲಗೆಯೇ ಬಂತು. ಗಾಳಿಯಾಡಲು ಅದರ ಮೇಲಷ್ಟೇ ಜಾಲರಿ. ಕೂರಲು ಹಾಕಿದ್ದು ರೊಬಸ್ಟಾ ಗಿಡದ ಗಟ್ಟಿ ರೆಂಬೆ. ಅದನ್ನು ತಗ್ಗಿನಲ್ಲೇ ಕಟ್ಟಿದೆ. ಎತ್ತರದಲ್ಲಿ ಕಟ್ಟಿದ್ದರೆ ಕೂತಲ್ಲಿಂದಲೇ ಪಕ್ಕದ ಮನೆಗೆ ಇಣುಕುತ್ತಿದ್ದವು.

ಮುಂಭಾಗದ ಜಾಲರಿಗೆ ಮಾತ್ರ ಕಾಸು ಬಿಚ್ಚಿದೆ. ಅಂಗಡಿಯಲ್ಲಿ ಸಿಗುವ ಆರುಮೂಲೆಯ ತೆಳು ಕೋಳಿ ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಹಗಲಲ್ಲಿ ಮುಂಗುಸಿ, ರಾತ್ರಿ ಪುನುಗು ಬೆಕ್ಕು ಸುತ್ತುವ ಜಾಗ ಇದು. ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿಯೇ ಆಗಬೇಕು. ದಬ್ಬೆಯ ಸಂದಿಗೂ ಅಡಿಯಿಂದ ಅದನ್ನೇ ಬಡಿದೆವು. ಪ್ರತಿ ಕೋಣೆಯ ಮೂಲೆಗೆ ಒಂದು ಹಳೇ ಬಾಂಡ್ಲಿಯಲ್ಲಿ ಬೂದಿ, ಒಣ ಮಣ್ಣು. ಮಳೆಗಾಲದಲ್ಲಿ ಕೋಳಿಗೆ ಹೊರಳಾಡಲು ಮಲೆನಾಡಲ್ಲಿ ಒಣ ನೆಲ ಎಲ್ಲಿ ಸಿಗಬೇಕು? ಹೊರಳಾಡದಿದ್ದರೆ ಹೇನು ಗ್ಯಾರಂಟಿ.

ಒಳಗೆ ಬಿಟ್ಟ ಮೇಲೆ ಕೆಂಪ ಹಲಗೆಗೆ ಕಿವಿಗೊಟ್ಟು ಅತ್ತಿಂದಿತ್ತ ಓಡಾಡಿದ. ಆಚೆ ಕಡೆಯವನು ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕಿನುಚ್ಚು ಹೆಕ್ಕತೊಡಗಿದ. ಈಗ ಸರದಿ ಪ್ರಕಾರ ದಿನಕ್ಕೊಂದು ಹುಂಜವನ್ನು ಹೇಂಟೆಗಳ ಜೊತೆ ಮೇಯಲು ಬಿಡುತ್ತೇನೆ. ಕರಿಯನ ಜುಟ್ಟಿನ ಗಾಯ ಒಣಗಿ ಉದುರಿದೆ.

ಕೂಗು ಮಾತ್ರ ನಿಂತಿಲ್ಲ. ಬೆಳಗಿನ ಜಾವ ಗುಂಪಿನ ಮೇಲಿನ ಹುಂಜವೇ ಮೊದಲು ಕೂಗುತ್ತದೆ, ಉಳಿದವು ತಮ್ಮ ತಮ್ಮ ಸ್ಥಾನದ ಪ್ರಕಾರ ಹಿಂಬಾಲಿಸುತ್ತವೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಹಲಗೆ ಅಡ್ಡ ಬಂದರೂ ನಮ್ಮಲ್ಲಿ ಈಗಲೂ ಮೊದಲ ಕೂಗು ಕೆಂಪನದೇ. ಕರಿಯ ಕಾಯುತ್ತಾನೆ.

ಉಳಿದ ಹಲಗೆಗಳನ್ನು ಅಟ್ಟಕ್ಕೆ ಹಾಕಿದ್ದೇನೆ. ಮೊನ್ನೆ ಇನ್ನೊಂದು ಹೇಂಟೆ ಮರಿ ಎಬ್ಬಿಸಿದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹುಂಜಗಳೇ ಇರಬಹುದು.